ಮಾಜಿ ಸೈನಿಕರ ಸೇವಾಕಥನ: ಭಾವಚಿತ್ರ ಮತ್ತು ಸಂದರ್ಶನದ ಮೂಲಕ ಸಂರಕ್ಷಣೆ

ಯುದ್ಧ ಕಂಡು, ಸೇವೆ ಮುಗಿಸಿ ಊರಿಗೆ ಮರಳಿದ ಸೈನಿಕರ ಅನುಭವವನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿ, ಅವರ ಭಾವಚಿತ್ರ, ಪದಕ ಮತ್ತು ಕಾಗದಪತ್ರಗಳೊಂದಿಗೆ ಜೋಡಿಸಿ, ಮುಂದಿನ ತಲೆಮಾರಿಗೆ ಸಿಗುವಂತೆ ಕಾಪಿಡುವ ಕೆಲಸವನ್ನು ಸೇವಾಕಥನ ಸಂರಕ್ಷಣೆ ಎನ್ನಬಹುದು. ಮೌಖಿಕ ಇತಿಹಾಸ, ಜಾನಪದ ಸಂಗ್ರಹ, ಛಾಯಾಗ್ರಹಣ ಮತ್ತು ದಾಖಲೆಗಳ ನಿರ್ವಹಣೆ ಈ ನಾಲ್ಕೂ ಇಲ್ಲಿ ಕೂಡುತ್ತವೆ. ಕರ್ನಾಟಕದಲ್ಲಿ ಕೊಡಗು, ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಗಳಿಂದ ಸೈನ್ಯಕ್ಕೆ ಸೇರುವ ರೂಢಿ ಹಳೆಯದು. ಅದರಲ್ಲೂ ಬೆಳಗಾವಿ ನಗರ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ಮನೆ. ಅದರ ನೆರೆಯ ಖಾನಾಪುರ ತಾಲ್ಲೂಕು, ಬೀಡಿ ಮತ್ತು ನಂದಗಡದಂಥ ಊರುಗಳನ್ನೊಳಗೊಂಡು, ಹೋರಾಟದ ನೆನಪನ್ನು ಹಾಡಿನಲ್ಲಿ ಉಳಿಸಿಕೊಂಡ ಸೀಮೆ. ಹೀಗಾಗಿ ಈ ಕೆಲಸದ ಅಗತ್ಯ, ಸಾಧ್ಯತೆ, ತೊಡಕು ಮೂರನ್ನೂ ಇಲ್ಲಿಂದ ನೋಡುವುದು ಸೂಕ್ತ.

ಸೈನಿಕನ ನೆನಪನ್ನು ಉಳಿಸುವ ನಮ್ಮ ಸಾಂಪ್ರದಾಯಿಕ ಸಾಧನಗಳೆಲ್ಲ ಬಹುಮಟ್ಟಿಗೆ ಸತ್ತವನಿಗೆ ಇಲ್ಲವೇ ಪದಕ ಗೆದ್ದವನಿಗೆ ಮೀಸಲು. ಹುತಾತ್ಮನಿಗೆ ಸ್ಮಾರಕವಿದೆ, ಶೌರ್ಯ ಪ್ರಶಸ್ತಿ ಪಡೆದವನಿಗೆ ಗೆಜೆಟ್ಟಿನ ಒಕ್ಕಣೆಯಿದೆ, ಪಲ್ಟನ್ನಿಗೆ ಅದರ ಚರಿತ್ರೆಯಿದೆ. ಹದಿನೈದು ಇಪ್ಪತ್ತು ವರ್ಷ ಗಡಿ ಕಾದು, ಒಂದೋ ಎರಡೋ ಯುದ್ಧ ಕಂಡು, ಪೆನ್ಶನ್ ಪುಸ್ತಕ ಹಿಡಿದು ಮನೆಗೆ ಬಂದ ಸಾಮಾನ್ಯ ಸಿಪಾಯಿಗೆ ಇವು ಯಾವುವೂ ಇಲ್ಲ. ಭಾವಚಿತ್ರ ಮತ್ತು ಸಂದರ್ಶನ ತುಂಬಬೇಕಾದ ಜಾಗ ಇದು.

ಪರಂಪರೆ: ವೀರಗಲ್ಲು ಮತ್ತು ಲಾವಣಿ

ಕನ್ನಡ ನಾಡಿನಲ್ಲಿ ಯೋಧನ ರೂಪ ಮತ್ತು ಕಥೆಯನ್ನು ಒಟ್ಟಿಗೆ ಉಳಿಸಿದ ಅತ್ಯಂತ ಹಳೆಯ ಮಾಧ್ಯಮ ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಬರಹವಿದ್ದರೆ ವೀರನ ಹೆಸರು, ಹೋರಾಟದ ಕಾರಣ, ಕೊಟ್ಟ ದತ್ತಿ ತಿಳಿಯುತ್ತವೆ. ತುರು ಬಿಡಿಸಲು ಹೋಗಿ ಮಡಿದವನಿಂದ ಹಿಡಿದು ದೊಡ್ಡ ದಂಡಿನಲ್ಲಿ ಬಿದ್ದವನವರೆಗೆ ಎಲ್ಲರಿಗೂ ಕಲ್ಲು ನೆಟ್ಟಿದ್ದಾರೆ. ಆದರೆ ಗೆದ್ದು ಮನೆಗೆ ಬಂದವನಿಗೆ ಕಲ್ಲು ಅಪರೂಪ.

ಈ ಮಾತಿಗೆ ಆತಕೂರು ಶಾಸನ ಒಳ್ಳೆಯ ನಿದರ್ಶನ. ಸುಮಾರು ಕ್ರಿ.ಶ. 949–50ರ ಈ ಕಲ್ಲು ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಬೂತುಗರು ಚೋಳರನ್ನು ಸೋಲಿಸಿದ್ದನ್ನು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ಯೋಧ ತನ್ನ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಕಾದಾಡಿ ಕಾಳಿ ಸತ್ತಿತು; ಮಣಲೇರ ಅದಕ್ಕಾಗಿ ಕಲ್ಲು ನೆಡಿಸಿದ. ಬದುಕಿ ಬಂದ ಯೋಧನ ಸೇವೆಯ ಕಥೆ ನಮಗೆ ತಲುಪಿರುವುದು ಅವನ ನಾಯಿಯ ಸ್ಮಾರಕದ ಮೂಲಕ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಲಾವಣಿ ಮತ್ತು ಗೀಗೀ ಪದಗಳು ಮಾಡಿದವು. ಕಿತ್ತೂರಿನ ಹೋರಾಟ, ಸಂಗೊಳ್ಳಿ ರಾಯಣ್ಣನ ದಂಗೆ, 1857ರ ಹಲಗಲಿ ಬೇಡರ ಬಂಡಾಯ ಇವೆಲ್ಲ ಸರ್ಕಾರಿ ಕಡತಕ್ಕಿಂತ ಹೆಚ್ಚಾಗಿ ಡಪ್ಪಿನ ಹಾಡಿನಲ್ಲಿ ಬದುಕಿದವು. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಶಾಸನತಜ್ಞ ಜೆ.ಎಫ್. ಫ್ಲೀಟ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅನುವಾದದೊಂದಿಗೆ ಪ್ರಕಟಿಸಿದ. ರಾಯಣ್ಣನ ಲಾವಣಿ ಅದರಲ್ಲಿ ಒಂದು. ಆಳುವವರ ಕಣ್ಣಿಗೆ ದಂಗೆಕೋರನಾಗಿದ್ದವನು ಜನರ ಕಣ್ಣಿಗೆ ವೀರನಾಗಿದ್ದ ಎಂಬುದು ಈ ಸಂಗ್ರಹದಿಂದಲೇ ಹೊರಗಿನವರಿಗೆ ಗೊತ್ತಾಯಿತು.

ಬೀಡಿ ಮತ್ತು ಖಾನಾಪುರ ಸೀಮೆ

ಬೀಡಿ ಖಾನಾಪುರ ತಾಲ್ಲೂಕಿನ ಪೂರ್ವ ಭಾಗದ ದೊಡ್ಡ ಊರು. ಬ್ರಿಟಿಷರ ಆಳ್ವಿಕೆಯ ಆರಂಭದಲ್ಲಿ ಇಲ್ಲಿ ಸರ್ಕಾರಿ ಕಚೇರಿಯಿತ್ತು. ರಾಯಣ್ಣನ ಪಡೆ 1830ರ ಆರಂಭದಲ್ಲಿ ಅದಕ್ಕೆ ಬೆಂಕಿ ಇಟ್ಟಿತು. ಮರುವರ್ಷ, 1831ರ ಜನವರಿ 26ರಂದು, ಇದೇ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಅವನ ಸಮಾಧಿ ಮತ್ತು ಆಲದ ಮರ ಇಂದಿಗೂ ಜನ ಹರಕೆ ಹೊರುವ ಜಾಗ.

ಛಾಯಾಗ್ರಹಣ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ, ರಾಯಣ್ಣ ತೀರಿಕೊಂಡು ಎಂಟು ವರ್ಷಗಳ ಮೇಲೆ. ಇಂದು ವೃತ್ತಗಳಲ್ಲಿ, ಕ್ಯಾಲೆಂಡರುಗಳಲ್ಲಿ ಕಾಣುವ ಅವನ ಮುಖ ಕಲಾವಿದರ ಭಕ್ತಿಯ ಕೊಡುಗೆ. ಅವನು ತನ್ನ ಬಾಯಿಂದ ಏನು ಹೇಳಿಕೊಳ್ಳುತ್ತಿದ್ದ ಎಂಬುದು ನಮಗೆ ಸಿಗದು. ಅಂದಿನವರಿಗೆ ಕ್ಯಾಮೆರಾ ಇರಲಿಲ್ಲ, ಧ್ವನಿ ಹಿಡಿಯುವ ಯಂತ್ರವಿರಲಿಲ್ಲ. ಇಂದು ಎರಡೂ ಪ್ರತಿಯೊಬ್ಬರ ಕಿಸೆಯಲ್ಲಿವೆ. ನಮ್ಮ ಕಾಲದ ಸೈನಿಕರ ವಿಷಯದಲ್ಲಿ ಅಂಥ ಕೊರತೆಯನ್ನು ಹೇಳಿಕೊಳ್ಳಲು ನಮಗೆ ಬಾಯಿಲ್ಲ.

ಈ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟ ಕಾಡು, ಪೂರ್ವಕ್ಕೆ ಬಯಲು. ಕನ್ನಡ ಮತ್ತು ಮರಾಠಿ ಎರಡೂ ಮನೆಮಾತು. ಭರ್ತಿಗೆ ಹೋಗುವ ಹುಡುಗನಿಗೆ ಬೆಳಗಾವಿ ಹತ್ತಿರ. ಹಾಗೆಂದು ಎಲ್ಲರೂ ಒಂದೇ ರೆಜಿಮೆಂಟಿಗೆ ಸೇರುವುದಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ, ಮದ್ರಾಸ್ ರೆಜಿಮೆಂಟ್, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಸೇನಾ ಸರಬರಾಜು ವಿಭಾಗ, ಸಿಗ್ನಲ್ಸ್, ಅರೆಸೇನಾ ಪಡೆಗಳು ಹೀಗೆ ಹಲವೆಡೆ ಹಂಚಿಹೋಗುತ್ತಾರೆ. ಒಂದೇ ಊರಿನ ನಾಲ್ವರು ಮಾಜಿ ಸೈನಿಕರ ಕಥೆ ನಾಲ್ಕು ರೆಜಿಮೆಂಟುಗಳ ಚರಿತ್ರೆಗೆ ಸೇರಿದ್ದು. ಅದನ್ನೆಲ್ಲ ಒಟ್ಟಿಗೆ ನೋಡುವ ಜಾಗ ಊರು ಒಂದೇ. ಆದ್ದರಿಂದ ಸಂಗ್ರಹದ ಘಟಕ ಪಲ್ಟನ್ ಆಗಿದ್ದರೆ ಸಾಲದು, ಹಳ್ಳಿಯೂ ಆಗಬೇಕು.

ಬೆಳಗಾವಿ ಮತ್ತು ಸೇನೆ

ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್, ‘ಜಂಗಿ ಪಲ್ಟನ್’, 1768ರಲ್ಲಿ ಹುಟ್ಟಿತು. 1922ರ ಪುನರ್ರಚನೆಯಲ್ಲಿ ತರಬೇತಿ ಕೇಂದ್ರ ಬೆಳಗಾವಿಗೆ ಬಂದು ನೆಲೆನಿಂತಿತು. ಊರಿನವರ ಬಾಯಲ್ಲಿ ಅದು ‘ಮರಾಠಾ ಸೆಂಟರ್’. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ಅಕ್ಟೋಬರಿನಲ್ಲಿ, ಮೆಸೊಪೊಟೇಮಿಯಾದ ಶರ್ಕತ್ ಕಾಳಗದಲ್ಲಿ 114ನೇ ಮರಾಠಾ ಪಡೆ ಒಂದೇ ಹೋರಾಟಕ್ಕೆ 28 ಶೌರ್ಯ ಪದಕ ಗಳಿಸಿತು. ಅದೇ ಪಡೆ ಮುಂದೆ ಬೆಳಗಾವಿಯ ತರಬೇತಿ ಬೆಟಾಲಿಯನ್ ಆಯಿತು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದೂ ಬೆಳಗಾವಿಯಲ್ಲೇ, 1941ರ ಅಕ್ಟೋಬರ್ 1ರಂದು. ರಾಷ್ಟ್ರೀಯ ಮಿಲಿಟರಿ ಶಾಲೆ, ಕಮಾಂಡೊ ತರಬೇತಿ ವಿಭಾಗ, ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಗಳೂ ಸೇರಿ ನಗರದ ಬದುಕಿನಲ್ಲಿ ಸೇನೆ ಬೆರೆತುಹೋಗಿದೆ.

ಎರಡನೇ ಮಹಾಯುದ್ಧದಲ್ಲಿ ಮರಾಠಾ ರೆಜಿಮೆಂಟಿಗೆ ಇಟಲಿಯಲ್ಲಿ ಎರಡು ವಿಕ್ಟೋರಿಯಾ ಕ್ರಾಸ್ ಬಂದವು. ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು ತಮ್ಮ ತುಕಡಿಯವರೆಲ್ಲ ಬಿದ್ದ ಮೇಲೂ ಒಬ್ಬರೇ ಮಷಿನ್‌ಗನ್ ನೆಲೆಗೆ ನುಗ್ಗಿ ಮಡಿದರು. ಸಿಪಾಯಿ ನಾಮದೇವ ಜಾಧವ್ 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಡದಲ್ಲಿ ಗಾಯಾಳುಗಳನ್ನು ಹೊತ್ತು ದಾಟಿಸಿ, ಮತ್ತೆ ಮರಳಿ ಶತ್ರುನೆಲೆಗಳನ್ನು ಅಡಗಿಸಿದರು. ಜಾಧವ್ ಬದುಕಿ ಬಂದು 1984ರವರೆಗೂ ನಮ್ಮ ನಡುವೆ ಇದ್ದರು. ಒಬ್ಬರ ಪರಾಕ್ರಮಕ್ಕೆ ಸಾಕ್ಷಿ ಹೇಳಬೇಕಾದವರು ಇತರರು. ಇನ್ನೊಬ್ಬರು ತಾವೇ ಹೇಳಬಲ್ಲವರಾಗಿದ್ದರು. ಬದುಕಿರುವ ಯೋಧನ ಎದುರು ಕುಳಿತು ಕೇಳುವ ಅವಕಾಶಕ್ಕೆ ಇರುವ ಬೆಲೆ ಈ ಜೋಡಿಯಿಂದ ತಿಳಿಯುತ್ತದೆ. ಕಾರವಾರದ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ ಅವರದೂ ಇಂಥದೇ ಉದಾಹರಣೆ. 1948ರ ಏಪ್ರಿಲಿನಲ್ಲಿ ನೌಶೇರಾ–ರಜೌರಿ ದಾರಿಯ ಸಿಡಿಮದ್ದುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟ ಅವರು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಮೊದಲಿಗರು.

ಹೊರನಾಡುಗಳ ಪ್ರಯತ್ನಗಳು

ಭಾರತೀಯ ಸಿಪಾಯಿಗಳ ಧ್ವನಿಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಿಡಿದವರು ಅವರನ್ನು ಸೆರೆಹಿಡಿದವರೇ. ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ ಬಳಿಯ ವುನ್ಸ್‌ಡಾರ್ಫಿನ ಹಾಫ್ ಮೂನ್ ಶಿಬಿರದಲ್ಲಿದ್ದ ಯುದ್ಧಕೈದಿಗಳ ಮಾತು, ಹಾಡುಗಳನ್ನು ಜರ್ಮನ್ ಭಾಷಾತಜ್ಞರು ಧ್ವನಿಮುದ್ರಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಮುದ್ರಿತವಾದ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿಯ ಧ್ವನಿ ಇಂದಿಗೂ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದರಲ್ಲಿ ಕೇಳುವುದು ಯುದ್ಧದ ವರ್ಣನೆಯಲ್ಲ, ಊರಿಗೆ ಮರಳುವ ಹಂಬಲ.

ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಲ್ಲಿ ಧ್ವನಿಸಂಗ್ರಹ ವಿಭಾಗ ಆರಂಭಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ಮಾಜಿ ಸೈನಿಕರ ಇತಿಹಾಸ ಯೋಜನೆ ಕೈಗೊಂಡಿತು. ಅಲ್ಲಿ ಯಾವ ನಾಗರಿಕನೂ ಸಂದರ್ಶಕನಾಗಬಹುದು. ಸಂದರ್ಶನ ಕನಿಷ್ಠ ಮೂವತ್ತು ನಿಮಿಷ ಇರಬೇಕೆಂಬುದು ನಿಯಮ. 2015ರಲ್ಲಿ ಬ್ರಿಟನ್ನಿನಲ್ಲಿ, 1944ರ ನಾರ್ಮಂಡಿ ಇಳಿತದಲ್ಲಿದ್ದ ಹನ್ನೆರಡು ಹಿರಿಯ ಸೈನಿಕರ ವರ್ಣಚಿತ್ರಗಳನ್ನು ಬರೆಸಿ ಪ್ರದರ್ಶಿಸಲಾಯಿತು. ಭಾರತದಲ್ಲಿ ದೇಶವಿಭಜನೆಯ ಸಾಕ್ಷಿಗಳನ್ನು ಸಂದರ್ಶಿಸುತ್ತಿರುವ ‘1947 ಪಾರ್ಟಿಷನ್ ಆರ್ಕೈವ್’ ತರಬೇತಿ ಪಡೆದ ಸ್ವಯಂಸೇವಕರಿಂದ ಸಾವಿರಾರು ಕಥನಗಳನ್ನು ಕೂಡಿಸಿದೆ. ಹಣ, ಕಟ್ಟಡ ಬರುವವರೆಗೆ ಕಾಯದೆ ಊರಿನವರೇ ಕೆಲಸ ಆರಂಭಿಸಬಹುದು ಎಂಬುದಕ್ಕೆ ಅದು ಮಾದರಿ.

ನಮ್ಮಲ್ಲಿ ಕೂಡ ಸಾರ್ವಜನಿಕ ಗೌರವಕ್ಕೆ ಕೊರತೆಯಿಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 2019ರಿಂದ 21 ಪರಮವೀರರ ಪ್ರತಿಮೆಗಳಿವೆ. ಮಡಿಕೇರಿಯ ‘ಸನ್ನಿ ಸೈಡ್’, ಜನರಲ್ ತಿಮ್ಮಯ್ಯನವರ ಮನೆ, 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ಅದೇ ವರ್ಷ ಶುರುವಾದ ಕೇಂದ್ರದ ‘ವೀರ ಗಾಥಾ’ ಯೋಜನೆಯಲ್ಲಿ ಶಾಲಾ ಮಕ್ಕಳು ಶೌರ್ಯ ಪ್ರಶಸ್ತಿ ಪುರಸ್ಕೃತರ ಬಗ್ಗೆ ಚಿತ್ರ ಬರೆಯುತ್ತಾರೆ, ಪ್ರಬಂಧ ಬರೆಯುತ್ತಾರೆ. ಇವೆಲ್ಲ ಬೇಕಾದವೇ. ಆದರೆ ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಹೈದರಾಬಾದ್, ಮೈಸೂರು, ಜೋಧಪುರದ ಅಶ್ವದಳಗಳ ಪರವಾಗಿ ನಿಂತ ಮೂರು ಕಂಚಿನ ಮೂರ್ತಿಗಳನ್ನು ನೋಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಸವಾರರ ಗೌರವವೂ ಅದರಲ್ಲಿ ಸೇರಿದೆ. ಅಲ್ಲಿ ನಿಂತಿರುವುದು ದಳದ ಪ್ರತಿನಿಧಿ. ಊರು, ಹೆಸರು, ಮಾತು ಉಳ್ಳ ಒಬ್ಬ ಸವಾರನಲ್ಲ.

ಸಾಕ್ಷಿಯ ಬೆಲೆ: ಮೂರು ಪ್ರಸಂಗಗಳು

ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ನಮ್ಮ ಕಡತದಲ್ಲಿ ಅವರು ‘ಕಾಣೆಯಾದವರು’. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದಿಂದ ಪೆಟ್ಟು ತಿಂದರೂ ಅವರು ತಿರುಗಿ ಬಿದ್ದು ಅದನ್ನು ಕೆಡವಿದ್ದರು. ಇದು ಬೆಳಕಿಗೆ ಬಂದದ್ದು 1979ರಲ್ಲಿ ಪ್ರಕಟವಾದ, ಪಾಕಿಸ್ತಾನದ ಕಡೆಯ ಮಾಹಿತಿ ಆಧರಿಸಿದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕದಿಂದ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, 23 ವರ್ಷ ತಡವಾಗಿ. ಎದುರು ಪಾಳೆಯದ ಪೈಲಟ್ ಬದುಕುಳಿದು ತನ್ನ ಅನುಭವ ಹೇಳಿರದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

1971ರ ಡಿಸೆಂಬರಿನ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಜಮಾಲ್ಪುರದ ಸುತ್ತ ಜಂಗಿ ಪಲ್ಟನ್ ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್ ಅವರ ನಾಯಕತ್ವದಲ್ಲಿ ಮುತ್ತಿಗೆ ಹಾಕಿತ್ತು. ಶರಣಾಗಲು ಹೇಳಿ ಭಾರತದ ಬ್ರಿಗೇಡ್ ಕಮಾಂಡರ್ ಕಳಿಸಿದ ಪತ್ರವನ್ನು ಮುಕ್ತಿವಾಹಿನಿಯ ಒಬ್ಬ ಹೋರಾಟಗಾರ ಜೀವ ಪಣಕ್ಕಿಟ್ಟು ಒಯ್ದ. ಪಾಕಿಸ್ತಾನಿ ಅಧಿಕಾರಿ ಕೊಟ್ಟ ಉತ್ತರದ ಕಾಗದದೊಳಗೆ ಒಂದು ಗುಂಡು ಸುತ್ತಿತ್ತು. ಆ ರಾತ್ರಿಯ ಕಾಳಗದ ಮೇಲೆ ಜಮಾಲ್ಪುರ ಕೈವಶವಾಯಿತು. ಢಾಕಾದ ದಾರಿ ತೆರೆಯಿತು. ಈ ಪ್ರಸಂಗ ಉಳಿದಿರುವುದು ಪತ್ರ ಬರೆದವರು, ಒಯ್ದವರು, ಅಧಿಕಾರಿಗಳು ಹೇಳಿದ್ದರಿಂದ. ಅದೇ ರಾತ್ರಿ ಕಂದಕದಲ್ಲಿ ಕಾದು ಕುಳಿತಿದ್ದ ಸಿಪಾಯಿಗಳು ಏನು ಕೇಳಿದರು, ಏನು ಉಂಡಿದ್ದರು, ಬೆಳಗಾದ ಮೇಲೆ ಏನು ಕಂಡರು ಎಂಬುದನ್ನು ಹೇಳಬಲ್ಲವರು ಈಗ ಎಪ್ಪತ್ತು ದಾಟಿದವರು.

ಮೂರನೆಯದು ಮನೆಯವರು ತಾವೇ ಮಾಡಿದ ಕೆಲಸ. ಮರಾಠಾ ಲೈಟ್ ಇನ್‌ಫೆಂಟ್ರಿಯ 9ನೇ ಬೆಟಾಲಿಯನ್ನಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿಯಲ್ಲಿ ಹುತಾತ್ಮರಾದರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಪತ್ನಿ ಸುಭಾಷಿಣಿ ವಸಂತ್ ಸಹಲೇಖಕಿಯೊಂದಿಗೆ ಅವರ ಜೀವನಚರಿತ್ರೆ ‘ಫಾರೆವರ್ ಫಾರ್ಟಿ’ ಬರೆದರು. ವಸಂತರತ್ನ ಪ್ರತಿಷ್ಠಾನದ ಮೂಲಕ ಹುತಾತ್ಮರ ಕುಟುಂಬಗಳ ಜೊತೆ ನಿಂತರು. ಸೇವಾಕಥನ ಉಳಿಸುವ ಕೆಲಸ ಮನೆಯೊಳಗಿಂದ ಶುರುವಾದರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಸಂದರ್ಶನದ ವಿಧಾನ

ಒಳ್ಳೆಯ ಸಂದರ್ಶನ ಯುದ್ಧದಿಂದ ಶುರುವಾಗುವುದಿಲ್ಲ, ಮನೆಯಿಂದ ಶುರುವಾಗುತ್ತದೆ. ‘ಅಜ್ಜಾರ, ಭರ್ತಿಗೆ ಹೋದ ದಿನ ಯಾರ್ ಸಂಗಡ ಹೋಗಿದ್ರಿ? ಮನ್ಯಾಗ ಏನಂದ್ರು?’ ಎಂದು ಕೇಳಿದರೆ ಹಿರಿಯರು ತಾವಾಗಿಯೇ ಮಾತಿಗೆ ಇಳಿಯುತ್ತಾರೆ. ಎಷ್ಟು ಶತ್ರುಗಳನ್ನು ಕೊಂದಿರಿ ಎಂಬ ಪ್ರಶ್ನೆ ಸಂದರ್ಶನವನ್ನು ಕೆಡಿಸುತ್ತದೆ, ಮನುಷ್ಯನನ್ನೂ ನೋಯಿಸುತ್ತದೆ. ಭರ್ತಿ, ತರಬೇತಿ, ಪ್ರತಿಜ್ಞೆ ಸ್ವೀಕರಿಸುವ ಕಸಮ್ ಪರೇಡ್, ಮೊದಲ ಪೋಸ್ಟಿಂಗ್, ಲಂಗರಿನ ಊಟ, ರಜೆಯ ರೈಲುಪ್ರಯಾಣ, ಯುದ್ಧದ ದಿನಗಳು, ಜೊತೆಗಾರರ ಸಾವು, ನಿವೃತ್ತಿ, ಆಮೇಲಿನ ಬದುಕು ಈ ಕ್ರಮ ನೆನಪಿಗೆ ಒಗ್ಗುತ್ತದೆ. ಸಿಪಾಯಿಗಳಲ್ಲಿ ಬಹಳಷ್ಟು ಮಂದಿ ನಲವತ್ತರೊಳಗೇ ನಿವೃತ್ತರಾಗಿ ಬ್ಯಾಂಕಿನ ಕಾವಲು, ಹೊಲ, ಅಂಗಡಿ, ಪಂಚಾಯಿತಿ ಎಂದು ಎರಡನೇ ಬದುಕು ಕಟ್ಟಿದವರು. ಆ ಭಾಗವನ್ನು ಬಿಟ್ಟರೆ ಕಥನ ಅರ್ಧವಾಗುತ್ತದೆ.

ಮಾತಿನ ವಿಷಯದಲ್ಲಿ ಕಟ್ಟುನಿಟ್ಟು ಬೇಕಾದದ್ದು ಸಂದರ್ಶಕನಿಗೆ. ಬೀಡಿ ಕಡೆಯ ಸುಬೇದಾರರು ಮನೆಯ ವಿಷಯವನ್ನು ಕನ್ನಡದಲ್ಲಿ, ಪಲ್ಟನ್ನಿನ ವಿಷಯವನ್ನು ಮರಾಠಿ ಬೆರೆಸಿ, ಆಜ್ಞೆಗಳನ್ನು ಹಿಂದಿಯಲ್ಲಿ ಹೇಳುವುದು ಸಹಜ. ಅದನ್ನು ಗ್ರಂಥಭಾಷೆಗೆ ತಿದ್ದಿ ಬರೆದರೆ ಆ ಬದುಕಿನ ಗುರುತೇ ಅಳಿಯುತ್ತದೆ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು, ಬೇಕಿದ್ದರೆ ಪಕ್ಕದಲ್ಲಿ ಸರಳ ಕನ್ನಡದ ರೂಪ ಕೊಡಬೇಕು. ಒಂದೇ ಕೂರುವಿಕೆಯಲ್ಲಿ ಎಲ್ಲ ಮುಗಿಸುವ ಆತುರ ಬೇಡ. ಮೊದಲ ಸಲ ಹೇಳದ್ದನ್ನು ಎರಡನೇ ಭೇಟಿಯಲ್ಲಿ ಹೇಳುವವರೇ ಹೆಚ್ಚು. ಇಬ್ಬರು ಹಳೆಯ ಜೊತೆಗಾರರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ.

ಭಾವಚಿತ್ರ

ಈ ಸೀಮೆಯ ಸೈನಿಕರ ಮನೆಯ ಗೋಡೆಯ ಮೇಲೆ ಒಂದು ಭಾವಚಿತ್ರ ಇದ್ದೇ ಇರುತ್ತದೆ. ತರಬೇತಿ ಮುಗಿದ ಹೊಸತರಲ್ಲಿ ಸ್ಟುಡಿಯೋದಲ್ಲಿ ನಿಂತು ತೆಗೆಸಿದ್ದು, ಇಸ್ತ್ರಿ ಮಾಡಿದ ಸಮವಸ್ತ್ರ, ನೆಟ್ಟ ನೋಟ, ಹಿಂದೆ ಬಣ್ಣದ ಪರದೆ. ಅದು ಹತ್ತೊಂಬತ್ತರ ಹುಡುಗನ ಚಿತ್ರ. ಸೇವಾಕಥನಕ್ಕೆ ಬೇಕಾದದ್ದು ಎರಡನೆಯ ಚಿತ್ರ, ಈಗಿನದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸೇವೆಯ ಅವಧಿ ಮತ್ತು ಅನಂತರದ ಬದುಕು ಕಣ್ಣಿಗೆ ಕಾಣುತ್ತವೆ.

ಈಗಿನ ಚಿತ್ರವನ್ನು ಅವರ ಮನೆಯಲ್ಲೇ, ಪಡಸಾಲೆಯ ಬಾಗಿಲಿನಿಂದ ಬರುವ ಹಗಲಿನ ಬೆಳಕಿನಲ್ಲಿ ತೆಗೆಯುವುದು ಉತ್ತಮ. ಪದಕಗಳನ್ನು ಎಡ ಎದೆಯ ಮೇಲೆ, ಸರಿಯಾದ ಕ್ರಮದಲ್ಲಿ ಧರಿಸುತ್ತಾರೆ; ಆ ಕ್ರಮ ಅವರಿಗೆ ಗೊತ್ತಿರುತ್ತದೆ, ಛಾಯಾಗ್ರಾಹಕ ಅದನ್ನು ಅಂದಕ್ಕಾಗಿ ಬದಲಿಸಬಾರದು. ಧೋತರ, ರುಮಾಲು ಬೇಕೋ, ಕೋಟು, ಟೊಪ್ಪಿಗೆ ಬೇಕೋ ಎಂಬ ತೀರ್ಮಾನವೂ ಅವರದೇ. ಮುಖದ ಜೊತೆಗೆ ಕೈಗಳ ಚಿತ್ರ, ಪೆಟ್ಟಿಗೆಯಲ್ಲಿಟ್ಟ ಪತ್ರಗಳ ಚಿತ್ರ, ಗೋಡೆಯ ಹಳೆಯ ಚಿತ್ರದ ನಕಲು ಇವನ್ನೂ ತೆಗೆದುಕೊಳ್ಳಬೇಕು. ಚಿತ್ರದ ಹಿಂದೆ ಹೆಸರು, ಊರು, ದಿನಾಂಕ ಬರೆಯದಿದ್ದರೆ ಮೂವತ್ತು ವರ್ಷದ ಮೇಲೆ ಅದು ಯಾರೋ ಒಬ್ಬರ ಚಿತ್ರವಾಗಿ ಉಳಿಯುತ್ತದೆ.

ಪದಕ ಮತ್ತು ಕಾಗದಪತ್ರ

ಪದಕಗಳ ಸಾಲು ಒಂದು ಸೇವಾಪುಸ್ತಕ. 1965ರ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ರಕ್ಷಾ ಪದಕ, ರಣರಂಗದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್. 1971ರಲ್ಲಿ ಸಂಗ್ರಾಮ ಪದಕ. ಪೂರ್ವ ರಂಗದಲ್ಲಿ ಹೋರಾಡಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದವರಿಗೆ ಪಶ್ಚಿಮಿ ಸ್ಟಾರ್. ಹೊರದೇಶದ ಸೇವೆಗೆ ವಿದೇಶ ಸೇವಾ ಪದಕ, ಹಿಮನದಿಯ ಕಾವಲಿಗೆ ಸಿಯಾಚಿನ್ ಪದಕ, ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಪದಕ. ಹಿರಿಯರು ‘ಆಗ ಎಲ್ಲಿದ್ದೆನೋ ನೆನಪಿಲ್ಲ’ ಎಂದರೂ ಎದೆಯ ಮೇಲಿನ ಸ್ಟಾರ್ ಯಾವ ರಂಗವೆಂದು ಹೇಳುತ್ತದೆ. ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಅಲ್ಲಿ ಕೊರೆದ ಸೈನಿಕನ ನಂಬರು ಮತ್ತು ಹೆಸರು ಓದಬಹುದು. ಅಜ್ಜನ ಪದಕ ಮಾತ್ರ ಉಳಿದಿರುವ ಮನೆಗಳಲ್ಲಿ ಹುಡುಕಾಟ ಆರಂಭಿಸಬೇಕಾದದ್ದು ಆ ಅಂಚಿನಿಂದಲೇ.

ಡಿಸ್ಚಾರ್ಜ್ ಬುಕ್, ಪೆನ್ಶನ್ ಆದೇಶದ ಪ್ರತಿ, ಹಳೆಯ ಗುರುತಿನ ಚೀಟಿ ಇವು ಭರ್ತಿಯಾದ ದಿನ, ಘಟಕ, ಹುದ್ದೆ, ಬಿಡುಗಡೆಯ ದಿನಗಳನ್ನು ಖಚಿತಪಡಿಸುತ್ತವೆ. ಮಾತಿನಲ್ಲಿ ಬಂದ ದಿನಾಂಕವನ್ನು ಇವುಗಳೊಂದಿಗೆ, ಅನಂತರ ರೆಜಿಮೆಂಟಿನ ಚರಿತ್ರೆಯೊಂದಿಗೆ ತಾಳೆ ನೋಡಬೇಕು.

ಮನೆಯವರ ಮಾತು

ಸೈನಿಕನ ಸೇವೆಯಲ್ಲಿ ಮನೆಯೂ ದುಡಿದಿರುತ್ತದೆ. ವರ್ಷಕ್ಕೊಮ್ಮೆ ಬರುವ ಗಂಡ, ಅವನಿಲ್ಲದಾಗ ಹೊಲ ನೋಡಿಕೊಂಡ ಹೆಂಡತಿ, ಮುಖ ಗುರುತು ಹಿಡಿಯದ ಮಗು, ಮನಿಯಾರ್ಡರಿನ ದಾರಿ ಕಾದ ತಾಯಿ ಇವರ ಮಾತಿಲ್ಲದೆ ಸಂಗ್ರಹ ಪೂರ್ಣವಾಗದು. ‘56 ಎಪಿಒ’ ಎಂಬ ಸೇನಾ ಅಂಚೆಯ ವಿಳಾಸ ಸೈನಿಕರ ಮನೆಗಳಲ್ಲಿ ಓದು ಬಾರದವರಿಗೂ ಬಾಯಿಪಾಠ. ಗಂಡ ಯಾವ ಬೆಟ್ಟದ ಮೇಲಿದ್ದಾನೆಂದು ಆ ವಿಳಾಸ ಹೇಳುತ್ತಿರಲಿಲ್ಲ, ಆದರೆ ಪತ್ರ ತಲುಪುತ್ತಿತ್ತು. ಊರಿಗೆ ‘ತಾರು’ ಬಂದರೆ ಓಣಿಯೆಲ್ಲ ಮೌನವಾಗುತ್ತಿದ್ದ ಕಾಲವೊಂದಿತ್ತು. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಮನೆಗಳಲ್ಲಿ ಉಳಿದ ಇನ್‌ಲ್ಯಾಂಡ್ ಪತ್ರ, ತಂತಿಗಳು ಈಗ ಇತಿಹಾಸದ ಮೂಲ ದಾಖಲೆಗಳು. ಟ್ರಂಕಿನಲ್ಲಿ ಗೆದ್ದಲಿಗೆ ಸಿಗುವ ಮೊದಲು ಅವುಗಳ ಚಿತ್ರ ತೆಗೆದಿಡಬೇಕು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ ಮಹಿಳಾ ಸೈನಿಕರ ಮೊದಲ ತಂಡ ಹೊರಬಂದಿದೆ. ಮುಂದಿನ ಸಂಗ್ರಹಗಳಲ್ಲಿ ಹೆಣ್ಣುಮಕ್ಕಳು ಸೈನಿಕರಾಗಿಯೂ ಮಾತಾಡುತ್ತಾರೆ.

ನೆನಪು, ನಿಜ ಮತ್ತು ಗೋಪ್ಯ

ನೆನಪು ತಪ್ಪುವುದುಂಟು. ಇಟಲಿಯ ತೆರ್ನಿ ಪಟ್ಟಣದಲ್ಲಿ 1949ರಲ್ಲಿ ಸತ್ತ ಕಾರ್ಮಿಕನೊಬ್ಬನ ಸಾವನ್ನು ಜನ 1953ರ ಘಟನೆಯೆಂದು ನೆನೆಯುತ್ತಿದ್ದುದನ್ನು ವಿದ್ವಾಂಸ ಅಲೆಸಾಂದ್ರೊ ಪೊರ್ತೆಲ್ಲಿ ತೋರಿಸಿದರು. ಆ ತಪ್ಪಿನೊಳಗೇ ಜನರ ಭಾವನೆ ಅಡಗಿದೆ ಎಂದು ವಿವರಿಸಿದರು. ಆಸ್ಟ್ರೇಲಿಯಾದ ಸೈನಿಕರ ಸಂದರ್ಶನಗಳಲ್ಲಿ ಸಿನಿಮಾ ಮತ್ತು ರಾಷ್ಟ್ರೀಯ ಕಥನಗಳು ಸ್ವಂತ ನೆನಪಿನೊಳಗೆ ಬೆರೆಯುವುದನ್ನು ಅಲಿಸ್ಟರ್ ಥಾಮ್ಸನ್ ಗುರುತಿಸಿದರು. ನಮ್ಮಲ್ಲೂ 1997ರ ‘ಬಾರ್ಡರ್’ ಚಿತ್ರ ನೋಡಿದ ಮೇಲೆ 1971ನ್ನು ನೆನೆಯುವ ರೀತಿ ಬದಲಾಗಿರಬಹುದು. ಆದ್ದರಿಂದ ತಪ್ಪಿದ ದಿನಾಂಕವನ್ನು ಧ್ವನಿಯಲ್ಲಿ ತಿದ್ದಬಾರದು, ಟಿಪ್ಪಣಿಯಲ್ಲಿ ಸರಿಪಡಿಸಬೇಕು.

ಕೆಲವು ನೆನಪುಗಳು ಗಾಯ. ಹೇಳುತ್ತ ಹೇಳುತ್ತ ಹಿರಿಯರು ಮೌನವಾದರೆ ಯಂತ್ರ ನಿಲ್ಲಿಸಿ ನೀರು ಕೊಟ್ಟು ಕೂರುವುದು ಸಂದರ್ಶಕನ ಧರ್ಮ. ಯಾವ ಭಾಗ ಬಹಿರಂಗವಾಗಬಾರದು ಎಂಬ ಅವರ ಮಾತೇ ಕೊನೆಯದು, ಅದನ್ನು ಬರಹದಲ್ಲಿ ಪಡೆದಿರಬೇಕು. ಸತ್ತ ಜೊತೆಗಾರನ ವಿವರ ಹೇಳಿದಾಗ ಅವನ ಕುಟುಂಬದ ಮನಸ್ಸನ್ನೂ ನೆನೆಯಬೇಕು. ಕಾನೂನಿನ ಗೆರೆಯೂ ಇದೆ. 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಈಗಿನ ನೆಲೆಗಳು, ಶಸ್ತ್ರ, ಸಂಕೇತಗಳ ವಿವರ ಕೇಳಬಾರದು. ಇನ್ನೊಂದೆಡೆ, ಯುದ್ಧ ಚರಿತ್ರೆಗಳ ಬಗ್ಗೆ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿದ ನೀತಿಯಂತೆ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಗೊಳಿಸಬೇಕು. ಕಡತಗಳು ತೆರೆಯುತ್ತ ಹೋದಂತೆ ಅವನ್ನು ಓದಿ ‘ಹೌದು, ನಾನಿದ್ದೆ’ ಎನ್ನುವವರ ಮಾತೂ ಜೊತೆಗಿರಬೇಕು.

ಸಂಗ್ರಹ ಮತ್ತು ಬಳಕೆ

ಧ್ವನಿಯನ್ನು ಒತ್ತಿ ಕುಗ್ಗಿಸದ ವೇವ್ ಕಡತವಾಗಿ, 48 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಇಡುವುದು ಧ್ವನಿಸಂಗ್ರಹಕಾರರ ರೂಢಿ, ಚಿತ್ರಗಳಿಗೆ ಟಿಫ್. ಮೊಬೈಲಿನಲ್ಲಿ ಮುದ್ರಿಸಿದ್ದಾದರೂ ಮೂಲ ಕಡತವನ್ನು ಹಾಗೆಯೇ ಉಳಿಸಬೇಕು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಗುಣಮಟ್ಟ ಕುಗ್ಗಿರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ನಿಯಮ ಸರಳವಾದದ್ದು. ಪ್ರತಿ ಕಥನದ ಜೊತೆ ಹೆಸರು, ಊರು, ಘಟಕ, ಸೇವೆಯ ಅವಧಿ, ಯುದ್ಧಗಳು, ಸಂದರ್ಶನದ ದಿನ, ಒಪ್ಪಿಗೆಯ ಷರತ್ತು ಬರೆದ ಒಂದು ಹಾಳೆ ಇರಬೇಕು. ಮೊದಲ ಪ್ರತಿ ಸಲ್ಲಬೇಕಾದದ್ದು ಮನೆಯವರಿಗೆ.

ಇಂಥ ಸಂಗ್ರಹಕ್ಕೆ ತಾಣವಾಗಬಲ್ಲ ಸಂಸ್ಥೆಗಳು ಈ ಭಾಗದಲ್ಲಿವೆ. ಬೆಳಗಾವಿಯಲ್ಲಿ 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಮರಾಠಾ ಸೆಂಟರಿನ ವಸ್ತುಸಂಗ್ರಹಾಲಯ, ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿ. ಮಾಜಿ ಸೈನಿಕರು ನಿಯಮಿತವಾಗಿ ಬರುವ ಸೇನಾ ಕ್ಯಾಂಟೀನು ಮತ್ತು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಚಿಕಿತ್ಸಾಲಯಗಳು ಅವರನ್ನು ಭೇಟಿಯಾಗುವ ಸಹಜ ಸ್ಥಳಗಳು. ಶಾಲೆಗಳಿಗೆ ಇದು ಅತ್ಯುತ್ತಮ ಸ್ಥಳೀಯ ಇತಿಹಾಸದ ಪಾಠ. ಮಗು ತನ್ನ ಓಣಿಯ ಹವಾಲ್ದಾರ್ ಕಾಕಾ ಅವರನ್ನು ಕೇಳಿ ಬರೆದಾಗ 1971 ಪಠ್ಯಪುಸ್ತಕದಿಂದ ಇಳಿದು ಮನೆಯಂಗಳಕ್ಕೆ ಬರುತ್ತದೆ.

ಇಂದಿನ ಸ್ಥಿತಿ

ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಬಲ 25 ಲಕ್ಷ ಮುಟ್ಟಿತ್ತು. ಅಂದು ಹದಿನೆಂಟರವರಾಗಿದ್ದವರೂ ಈಗ ನೂರರ ಹತ್ತಿರದವರು. ಆ ತಲೆಮಾರಿನ ಬಾಯಿಮಾತು ಹೆಚ್ಚುಕಡಿಮೆ ಕೈತಪ್ಪಿದೆ. 1962ರವರು ಎಂಬತ್ತು ದಾಟಿದ್ದಾರೆ, 1971ರವರು ಎಪ್ಪತ್ತು ದಾಟಿದ್ದಾರೆ. ಶ್ರೀಲಂಕಾಕ್ಕೆ 1987–90ರಲ್ಲಿ ಹೋಗಿಬಂದವರ ಅನುಭವಕ್ಕೆ ಸಾರ್ವಜನಿಕ ಸ್ಮರಣೆಯಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. 1999ರ ಕಾರ್ಗಿಲ್ ಸೈನಿಕರು ಈಗ ನಡುವಯಸ್ಸಿನವರು. ಅವರ ನೆನಪು ಗಟ್ಟಿ, ಜೊತೆಗಾರರೂ ಬದುಕಿದ್ದಾರೆ, ಕಾಗದಗಳೂ ಇವೆ. 2022ರ ಅಗ್ನಿಪಥ ಯೋಜನೆಯಿಂದ ನಾಲ್ಕು ವರ್ಷದ ಸೇವೆ ಮುಗಿಸಿ ಬರುವವರ ಅನುಭವ ಬೇರೆ ಬಗೆಯದಾಗಲಿದೆ, ಅದನ್ನೂ ಕೇಳಿಕೊಳ್ಳಬೇಕು.

ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು 1953ರಲ್ಲಿ ನಿವೃತ್ತರಾದ ಜನವರಿ 14ನ್ನು ಈಗ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. ಅದು ಈ ನೆಲದ ಮಗನ ದಿನ. ಶಾಲು, ಹಾರ, ಭಾಷಣಗಳ ಜೊತೆಗೆ ಆ ದಿನ ಪ್ರತಿ ತಾಲ್ಲೂಕಿನಲ್ಲಿ ಅತಿ ಹಿರಿಯ ಸೈನಿಕರಿಂದ ಆರಂಭಿಸಿ ವಯಸ್ಸಿನ ಕ್ರಮದಲ್ಲಿ ಸಂದರ್ಶನಗಳ ಪಟ್ಟಿ ಸಿದ್ಧಪಡಿಸಿ, ವರ್ಷವಿಡೀ ಒಬ್ಬೊಬ್ಬರ ಮನೆಗೆ ಹೋಗಿ ಕೇಳಿ, ಚಿತ್ರ ತೆಗೆದು, ದಾಖಲಿಸುವ ಕೆಲಸ ನಡೆದರೆ ಅದಕ್ಕಿಂತ ಅರ್ಥಪೂರ್ಣ ಗೌರವ ಇನ್ನೊಂದಿಲ್ಲ. ಇದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ. ತಾಳ್ಮೆಯಿಂದ ಕೇಳುವ ಕಿವಿ, ಪ್ರಾಮಾಣಿಕವಾದ ಚಿತ್ರ, ಹೆಸರು ಮತ್ತು ದಿನಾಂಕ ಬರೆದ ಒಂದು ಹಾಳೆ. ಬೀಡಿಯಂಥ ಊರಿನಲ್ಲಿ ಒಬ್ಬ ಶಿಕ್ಷಕ, ಇಬ್ಬರು ಕಾಲೇಜು ವಿದ್ಯಾರ್ಥಿಗಳು ಸೇರಿದರೆ ಈ ಕೆಲಸ ಆರಂಭವಾಗುತ್ತದೆ. ಮಡಿದವರನ್ನು ನೆನೆಯುವ ಸಂಸ್ಕೃತಿ ನಮ್ಮಲ್ಲಿ ಸಾವಿರ ವರ್ಷದಿಂದ ಇದೆ. ಬದುಕಿ ಬಂದವರನ್ನು ಅವರಿರುವಾಗಲೇ ಕೇಳಿಸಿಕೊಳ್ಳುವ ಸಂಸ್ಕೃತಿಯನ್ನು ಅದಕ್ಕೆ ಸೇರಿಸುವ ಹೊಣೆ ಈ ತಲೆಮಾರಿನದು.